ಮನೆತನದ ಹಲ್ಲು

ಇಷ್ಟಕ್ಕೆಲ್ಲ ಕಾರಣ ಒಂದು ದವಡೆ ಹಲ್ಲು. ಅದು ಹುಳುಕಾಗಿರಲಿಲ್ಲ, ಅಲ್ಲಾಡುತ್ತಿರಲಿಲ್ಲ. ಕಬ್ಬು ಸಿಗಿಯುವಷ್ಟು ಗಟ್ಟಿಯಾಗಿತ್ತು. ಆದರೂ ಫುವಾತಿನೊ ಹಟ ಹಿಡಿದು ಅದನ್ನು ಕೀಳಿಸಿಕೊಂಡಳು. ದವಡೆ ನೋಯುತ್ತಿದ್ದದ್ದೇನೋ ನಿಜ. ಆ ನೋವು ಹೊರಟದ್ದು ಎದೆಯಿಂದ ಅಂತ ಯಾರಿಗೆ ಗೊತ್ತಿತ್ತು? ಹಲ್ಲು ಹೋಯಿತು, ನೋವು ಉಳಿಯಿತು. ಆಮೇಲೊಂದು ದಿನ ಟ್ಯಾರೊ ಗೆಡ್ಡೆ ಹೆರೆಯುತ್ತಿದ್ದವಳು ಮೈಯೆಲ್ಲ ಬೆವೆತು ಕಂಬಕ್ಕೆ ಒರಗಿಬಿಟ್ಟಳು. ಆಪಿಯಾ ಪಟ್ಟಣದ ಆಸ್ಪತ್ರೆಯಲ್ಲಿ, "ಇದು ಹೃದಯಾಘಾತ ಕಣಮ್ಮ, ಹೆಂಗಸರಿಗೆ ಹೀಗೂ ಬರುತ್ತೆ" ಅಂದರು.

ಬದುಕಿ ಬಂದ ಮೇಲೆ ಅವಳಿಗೆ ಒಂದೇ ಚಿಂತೆ, ಅಕ್ಕ ಮಾಕೆರಿತಾಳದು. ಅಕ್ಕ ಹಳ್ಳಿಯ ಹೆಂಗಸರ ಸಂಘದ ಅಧ್ಯಕ್ಷೆ. ಚರ್ಚಿನ ಮೆಟ್ಟಿಲು ಹತ್ತಿದರೆ ಏದುಸಿರು, ಕೂತಲ್ಲಿ ನಿಂತಲ್ಲಿ ದವಡೆ ಉಜ್ಜಿಕೊಳ್ಳುವ ಚಾಳಿ. ಇವರ ತಾಯಿಯೂ ಹೀಗೇ ದವಡೆ ಉಜ್ಜಿಕೊಳ್ಳುತ್ತಾ ಮಲಗಿದವಳು ಬೆಳಿಗ್ಗೆ ಏಳಲೇ ಇಲ್ಲ.

"ಒಂದ್ಸಲ ತೋರಿಸ್ಕೋ ಅಕ್ಕಾ" ಅಂದರೆ, "ಕಾಯಿಲೆ ಬರೋದು ಅದರ ಮಾತು ಆಡೋರಿಗೆ ಕಣೇ. ಸುಮ್ನಿರು" ಎಂದು ಕಡ್ಡಿ ಮುರಿದ ಹಾಗೆ ಉತ್ತರ.

ಕೊನೆಗೆ ಫುವಾತಿನೊ ನರ್ಸ್ ಲೋಸಾಳ ಕೈಕಾಲು ಹಿಡಿದಳು. ಸಂಘ ಸೇರುವ ದಿನ ನೀನು ರಕ್ತದೊತ್ತಡದ ಯಂತ್ರ ತಾ, ನಾನು ನನ್ನ ಕತೆ ಹೇಳುತ್ತೇನೆ. ಅಷ್ಟು ಜನರ ಮುಂದೆ ಅಕ್ಕ ಹೇಗೆ ಒಲ್ಲೆ ಅನ್ನುತ್ತಾಳೆ ನೋಡೋಣ, ಎಂದಳು.

ಆ ದಿನ ಬೆಳಗಾಗುವುದೇ ತಡ, ಪಕ್ಕದ ಮನೆ ಸಿಯೆನಿ ಬಂದು ಕೂತಳು.

"ಮಾತು ಶುರು ಮಾಡೋವಾಗ ಎದೆ ಹಿಡ್ಕೋ."

"ನೋವು ಬಂದಿದ್ದು ದವಡೇಲಿ ಸಿಯೆನಿ."

"ಇರಲಿ ಬಿಡೆ. ದವಡೆ ಹಿಡ್ಕೊಂಡ್ರೆ ಜನ ಹಲ್ಲುನೋವು ಅಂದ್ಕೋತಾರೆ."

"ನಾನೂ ಹಾಗೇ ಅಂದ್ಕೊಂಡೆ ಮಾರಾಯ್ತಿ! ಅದನ್ನೇ ಹೇಳೋಕೆ ಹೊರಟಿದ್ದೀನಿ!"

"ಯಾಕೋ ಕತೆಗೆ ಕಳೆ ಇಲ್ಲ" ಎಂದು ಸಿಯೆನಿ ತಲೆಯಾಡಿಸಿದಳು.

ಸಂಘದ ಮನೆಯಲ್ಲಿ ಚಾಪೆ ಹಾಸಿತ್ತು. ಪ್ರಾರ್ಥನೆ ಮುಗಿಯಿತು. ಫುವಾತಿನೊ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಅಧ್ಯಕ್ಷೆ ಶುರುಮಾಡಿದಳು:

"ನನ್ನ ತಂಗಿ ಎದೆ ಹಿಡ್ಕೊಂಡು ಧೊಪ್ಪಂತ ಬಿದ್ಳು..."

"ಬೀಳ್ಲಿಲ್ಲ ಅಕ್ಕ, ಒರಗಿದೆ."

"ಅವಳಿಗೆ ನೆನಪಿಲ್ಲ, ಪಾಪ. ತೆಂಗಿನಮರ ಉರುಳಿದ ಹಾಗೆ ಬಿದ್ಳು!"

"ಅಕ್ಕಾ, ನಾನೇ ಹೇಳ್ಲಾ?"

"ನಿಂಗೆ ಆಯಾಸ ಆಗುತ್ತೆ, ಕೂತ್ಕೋ."

ಅಕ್ಕನ ಬಾಯಲ್ಲಿ ಫುವಾತಿನೊ ಇನ್ನೂ ಎರಡು ಸಲ ಬಿದ್ದಳು, ಒಮ್ಮೆ ಸತ್ತೂ ಹೋದಳು. ಅಷ್ಟರಲ್ಲಿ ಕೋಕೋ ಬಂತು. ಎಲ್ಲರೂ ಲೋಟದ ಕಡೆ ತಿರುಗಿದರು. ಹೇಳಬೇಕಾದದ್ದೆಲ್ಲ ಬೇಯದ ಹಲಸಿನ ತುಂಡಿನ ಹಾಗೆ ಫುವಾತಿನೊಳ ಗಂಟಲಲ್ಲೇ ಕೂತಿತು.

ಲೋಸಾ ಯಂತ್ರ ಬಿಚ್ಚಿಟ್ಟು ಕರೆದಳು. ಒಬ್ಬರೂ ಅಲ್ಲಾಡಲಿಲ್ಲ. ಬೇರೆ ದಾರಿಯಿಲ್ಲದೆ ಫುವಾತಿನೊ ತಾನೇ ಹೋಗಿ ತೋಳು ಚಾಚಿದಳು. ಕೈಗೆ ನೆರವಾಗಲಿ ಎಂದು ಲೋಸಾ ಸಿಯೆನಿಯನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದಳು. ಅಲ್ಲೇ ಎಡವಟ್ಟಾದದ್ದು. ಪ್ರತಿ ಭಾನುವಾರ ಚರ್ಚಿನಲ್ಲಿ ಯಾವ ಮನೆಯ ಕಾಣಿಕೆ ಎಷ್ಟೆಂದು ಕೂಗಿ ಹೇಳುವವಳು ಈ ಸಿಯೆನಿಯೇ. ಒಂದು ಹೆಸರು, ಒಂದು ಸಂಖ್ಯೆ ಕಿವಿಗೆ ಬಿದ್ದರೆ ಸಾಕು, ಅವಳ ಗಂಟಲು ತಾನಾಗಿ ಏಳುತ್ತದೆ.

"ಫುವಾತಿನೊ! ನೂರಾ ಮೂವತ್ತು!"

ಅಭ್ಯಾಸಬಲದಿಂದ ಜನ ಚಪ್ಪಾಳೆ ತಟ್ಟಿದರು. ಮೂಲೆಯಲ್ಲಿದ್ದವಳೊಬ್ಬಳು ಕೋಕೋ ಬಿಟ್ಟು ಎದ್ದು ಬಂದಳು. ಅವಳದು ನೂರಾ ನಲವತ್ತು. ಚಪ್ಪಾಳೆ ಜೋರಾಯಿತು. ಮತ್ತೆ ತಡೆಯುವವರಾರು? ಸಾಲು ಹೊರಗಿನ ಅಂಗಳಕ್ಕಿಳಿಯಿತು.

"ಜಾಸ್ತಿ ಬಂದ್ರೆ ಒಳ್ಳೇದಲ್ಲ ತಾಯಂದಿರಾ!" ಎಂದು ಲೋಸಾ ಗೋಳಾಡಿದಳು. ಕೇಳುವವರಿಲ್ಲ. ಕಡಿಮೆ ಬಂದವಳೊಬ್ಬಳು ಮುಖ ಸಣ್ಣ ಮಾಡಿಕೊಂಡು, "ಇನ್ನೊಂದ್ಸಲ ನೋಡಮ್ಮ. ಬೇಕಾದ್ರೆ ಒಂದು ಸುತ್ತು ಓಡಿ ಬರ್ತೀನಿ" ಅಂದಳು.

ಕೊನೆಗೆ ಸಿಯೆನಿಯೇ ತೋಳು ಕೊಟ್ಟಳು. "ಸಿಯೆನಿ! ನೂರಾ ಅರವತ್ತು!" ಎಂದು ತನ್ನದನ್ನು ತಾನೇ ಕೂಗಿಕೊಂಡಳು.

ಮಾಕೆರಿತಾಳ ಮೂಗಿನ ಹೊಳ್ಳೆ ಅರಳಿತು. ಕಾಣಿಕೆಯಲ್ಲಿ ಸಿಯೆನಿಯ ಮನೆ ಇವರ ಮನೆಯನ್ನು ಮೀರಿದ್ದು ಎಂದೂ ಇಲ್ಲ. "ಸರಿಯೇ ಅತ್ಲಾಗೆ" ಎಂದು ತೋಳಿನ ಬಟ್ಟೆ ಮೇಲೇರಿಸಿ ಲೋಸಾಳ ಮುಂದೆ ಕೂತೇಬಿಟ್ಟಳು.

ಲೋಸಾ ತೋಳಿಗೆ ಪಟ್ಟಿ ಸುತ್ತಿದಳು. ಯಂತ್ರ ಕುಯ್ಗುಟ್ಟಿತು. ಅವಳು ಪಟ್ಟಿ ಬಿಚ್ಚಿ ಮತ್ತೆ ಕಟ್ಟಿದಳು, ಮತ್ತೆ ನೋಡಿದಳು.

"ಹೇಳೇ, ಹೆದರ್ಬೇಡ" ಅಂದಳು ಮಾಕೆರಿತಾ.

"ಇನ್ನೂರಾ ಹತ್ತು" ಎಂದು ಲೋಸಾ ಪಿಸುಗುಟ್ಟಿದಳು.

ಸಿಯೆನಿ ಅಳುಮೋರೆ ಮಾಡಿಕೊಂಡು ಕೂಗಿದಳು. ಚಾವಣಿ ಹಾರಿಹೋಗುವಂಥ ಚಪ್ಪಾಳೆ. ಮಾಕೆರಿತಾ ಎದ್ದು ನಿಂತು, "ಎಲ್ಲಾ ದೇವರ ದಯೆ" ಎಂದು ತಲೆಬಾಗಿದಳು. ಆಮೇಲೆ ದವಡೆ ಉಜ್ಜಿಕೊಂಡಳು. "ನಕ್ಕಿದ್ದು ಜಾಸ್ತಿ ಆಯ್ತೇನೋ, ನೋಯ್ತಿದೆ."

"ಪಿಕಪ್ ತರ್ಸಿ! ಈಗಲೇ!" ಎಂದು ಫುವಾತಿನೊ, ಲೋಸಾ ಒಟ್ಟಿಗೆ ಕಿರುಚಿದರು.

ಗೆದ್ದವರನ್ನು ಮೆರವಣಿಗೆ ಮಾಡುವುದು ನ್ಯಾಯವೇ ಎಂದುಕೊಂಡು ಮಾಕೆರಿತಾ ದಾರಿಯುದ್ದಕ್ಕೂ ಕೈಬೀಸುತ್ತಾ ಹೋದಳು.

ಸಂಜೆ ಫುವಾತಿನೊ ಚಾಪೆ, ದಿಂಬು, ಉಪ್ಪಿಲ್ಲದ ಮೀನಿನ ಸಾರು ಹೊತ್ತು ಆಸ್ಪತ್ರೆಗೆ ಬಂದಳು. "ಇವತ್ತು ಬರದೇ ಇದ್ದಿದ್ರೆ ನಾಳೆ ಇರ್ತಿರಲಿಲ್ಲ. ಈಗ ಪರವಾಗಿಲ್ಲ" ಅಂದರು ಡಾಕ್ಟರು. ಅವಳು ಗೋಡೆಗೆ ಮುಖ ಮಾಡಿ ಅತ್ತಳು. ಕಣ್ಣೊರೆಸಿಕೊಂಡು, ಇನ್ನಾದರೂ ಅಕ್ಕ ನನ್ನ ಕತೆ ಕೂತು ಕೇಳುತ್ತಾಳೆ ಎಂದುಕೊಂಡು ಒಳಗೆ ಕಾಲಿಟ್ಟಳು.

ಅಕ್ಕ ಮಂಚದ ಮೇಲೆ ದಿಂಬಿಗೊರಗಿ ಕೂತಿದ್ದಳು, ಕೈಗೆ ಕೊಳವೆ. ಸುತ್ತ ಹೆಂಗಸರ ಗುಂಪು.

"ಮೊದಲು ದವಡೆ ನೋವು ಶುರುವಾಯ್ತು. ಹಲ್ಲು ಅಂದ್ಕೊಂಡೆ. ಕಬ್ಬು ಸಿಗಿಯೋವಂಥ ಹಲ್ಲು ಕಣ್ರೇ, ಕೀಳಿಸಿಬಿಟ್ಟೆ! ಆದ್ರೆ ನೋವು ಎದೇದು..."

"ಅಕ್ಕಾ! ಅದು ನನ್ನ ಕತೆ!"

"ನಿಂದು ನಂದು ಅಂತ ಬೇರೆ ಇದೆಯೇನೇ? ಒಂದೇ ಮನೆತನ."

ಎದುರು ಮಂಚದ ಮುದುಕಿ ಕಣ್ಣು ಕಿರಿದುಮಾಡಿದಳು. "ನಿನ್ನ ಹಲ್ಲೆಲ್ಲ ನೆಟ್ಟಗೇ ಇದೆಯಲ್ಲಮ್ಮ?"

ಮಾಕೆರಿತಾ ಒಂದಿಷ್ಟೂ ತಡವರಿಸಲಿಲ್ಲ. "ಫುವಾತಿನೊ, ಬಾ ಇಲ್ಲಿ. ಬಾಯಿ ತೆಗಿ."

ಸಾರಿನ ಪಾತ್ರೆ ಹಿಡಿದುಕೊಂಡೇ ಫುವಾತಿನೊ ಬಾಯಿ ತೆರೆದಳು. ಮುದುಕಿ ಬಗ್ಗಿ ಇಣುಕಿ ನೋಡಿದಳು. ನೋಡುತ್ತಾ ನೋಡುತ್ತಾ ತನ್ನ ದವಡೆಯನ್ನೇ ಮುಟ್ಟಿಕೊಂಡು, "ನರ್ಸಮ್ಮಾ, ನನ್ನನ್ನೂ ಸ್ವಲ್ಪ ನೋಡೇ" ಎಂದು ಕೂಗಿದಳು.

ಫುವಾತಿನೊ ಬಾಯಿ ಮುಚ್ಚಹೋದಳು.

"ತಡಿಯೇ, ಮುಚ್ಬೇಡ" ಅಂದಳು ಅಕ್ಕ. "ಬಾಗಿಲ ಹತ್ರ ಇರೋರು ಇನ್ನೂ ನೋಡಿಲ್ಲ."