ಅವ್ವನ ಗುಳಿಗೆಯೂ ಪರದೇಶದ ಬಂಡವಾಳವೂ

ಓದಿದ್ದನ್ನು ಇನ್ನೊಬ್ಬರ ಕಿವಿಗೆ ಹಾಕದಿದ್ದರೆ ನನಗೆ ಹೊಟ್ಟೆ ಉಬ್ಬರಿಸುತ್ತದೆ. ಕೊಪ್ಪಳದ ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡಿ ನಿವೃತ್ತನಾದ ಮೇಲಂತೂ ಈ ಕಾಯಿಲೆ ಉಲ್ಬಣಿಸಿದೆ. ಆಗ ಕೇಳಲು ತರಗತಿ ತುಂಬ ಹುಡುಗರಿದ್ದರು, ಅವರಿಗೆ ಹಾಜರಿಯ ಭಯವಿತ್ತು. ಈಗಿರುವವಳು ಹೆಂಡತಿ ಗಿರಿಜಾ ಒಬ್ಬಳೇ, ಆಕೆಗೆ ಯಾವ ಭಯವೂ ಇಲ್ಲ. ಹೀಗಾಗಿ ಗಂಗಾವತಿಯ ಪಿಂಚಣಿದಾರರು ಔಷಧಿ ಬೆಲೆ ನಿಯಂತ್ರಣದ ಬಗ್ಗೆ ಮಾತಾಡಲು ಕರೆದಾಗ ಕುಣಿದಾಡಿಬಿಟ್ಟೆ.

ಹಿಂದಿನ ದಿನ ಗಿರಿಜಾಳ ಮುಂದೆ ತಾಲೀಮು. ಸರ್ಕಾರ ಔಷಧಿ ಬೆಲೆಗೆ ಮೂಗುದಾರ ಹಾಕಿದರೆ ಪರದೇಶದವರು ನಮ್ಮಲ್ಲಿ ಸಂಶೋಧನೆಗೆ ಬಂಡವಾಳ ಹೂಡುವುದಿಲ್ಲ, ಲಾಭವಿಲ್ಲದೆ ಹೊಸ ಮದ್ದು ಹುಟ್ಟುವುದಿಲ್ಲ ಎಂದು ಕೈಯೆತ್ತಿ ಸಾರಿದೆ. ಆಕೆ ಮೆಂತೆ ಪಲ್ಲೆ ಸೋಸುತ್ತಲೇ ಕೇಳಿದಳು: "ಹೊಸಾ ಔಷಧಿಗೆ ರೊಕ್ಕ ಸುರದವ್ರು ಗಳಿಸ್ಕೊಳ್ಳಿ, ಬ್ಯಾಡ ಅಂದವ್ರ್ಯಾರು? ಆದ್ರ ನನ್ನ ಬಿ.ಪಿ. ಗುಳಿಗಿ ಅತ್ತಿಯಾರೂ ತಗೋತಿದ್ರು. ಅದನ್ನಿನ್ನೂ ಕಂಡುಹಿಡಿಯಾಕತ್ತಾರೇನ್ರಿ?"

"ಅದು ಹಂಗಲ್ಲ" ಎಂದು ಶುರು ಮಾಡಿದೆ. ಅಲ್ಲಿಗೇ ಬಿಟ್ಟು ಸ್ನಾನಕ್ಕೆ ಹೋದೆ.

ಮರುದಿನ ಗಂಗಾವತಿಯಲ್ಲಿ, ಹಟಕ್ಕೆ ಬಿದ್ದು, ನನ್ನ ಭಾಷಣವನ್ನೇ ಗುಡುಗಿದೆ. ಎದುರಿಗಿದ್ದವರ ಮುಖ ಗಂಟಿಕ್ಕತೊಡಗಿತು. ಒಬ್ಬೊಬ್ಬರ ಜೇಬಿನಲ್ಲೂ ಒಂದೊಂದು ಗುಳಿಗೆ ಪಟ್ಟಿ ಇರುವವರ ಸಭೆ ಅದೆಂಬುದು ನನಗೆ ಹೊಳೆದಿರಲಿಲ್ಲ. ನಿವೃತ್ತ ಕಂಡಕ್ಟರ್ ಖಾಜಾಸಾಬರು ಎದ್ದು ನಿಂತರು. "ಸರ, ಅಮೇರಿಕಾದವ್ರು ಸಂಶೋಧನಾ ಮಾಡ್ಲಿ ಅಂತ ನಾವು ಗುಳಿಗಿ ಬಿಟ್ಟು ಸಾಯಬೇಕೇನ್ರಿ?"

ಸಭೆ ಗೊಳ್ಳೆಂದಿತು. ನನ್ನ ಮಾನ ಹರಾಜಾಗುವುದರಲ್ಲಿತ್ತು. ಗಂಟಲು ಸರಿಪಡಿಸಿಕೊಂಡು ಹೇಳಿಬಿಟ್ಟೆ: "ಹೊಸ ಮದ್ದಿಗೆ ಹೊಸ ಬೆಲೆ ಇರಲಿ, ಬಂಡವಾಳ ಹಾಕಿದವರು ಗಳಿಸಲಿ. ಆದರೆ ನಮ್ಮವ್ವ ನುಂಗುತ್ತಿದ್ದ ಗುಳಿಗೆಯನ್ನು ಇನ್ನೂ ಕಂಡುಹಿಡಿಯುತ್ತಿದ್ದಾರೆಯೇ?"

ಏನು ಚಪ್ಪಾಳೆ ಅಂತೀರಿ! ಖಾಜಾಸಾಬರು ತಾವೇ ಬಂದು ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೈಗಿಟ್ಟರು. ಆ ಬಿಸಿಲಲ್ಲೂ ಕೊಪ್ಪಳದ ಹತ್ತಿರದ ಗಿಣಿಗೇರಾ ದಾಟುವವರೆಗೆ ಬಸ್ಸಿನಲ್ಲಿ ಶಾಲು ತೆಗೆಯಲಿಲ್ಲ.

ಮನೆಯಲ್ಲಿ ಎಲ್ಲವನ್ನೂ ಅಭಿನಯಿಸಿ ತೋರಿಸಿದೆ. ಅವ್ವನ ಗುಳಿಗೆಗೆ ಬಂದಾಗ ಗಿರಿಜಾ ಸೊಂಟದ ಮೇಲೆ ಕೈಯಿಟ್ಟಳು. "ಸಂಶೋಧನಾ ನಂದು, ಲಾಭ ನಿಮಗ? ಶಾಲು ಇತ್ತ ತರ್ರಿ. ಇಲ್ಲಂದ್ರ ಮುಂದಿನ ಭಾಷಣಕ್ಕ ನನ್ನ ತಲಿಯಾಗ ಹೊಸಾ ವಿಚಾರ ಒಂದೂ ಹುಟ್ಟೂದಿಲ್ಲ, ನೋಡ್ರಿ."

ಲಾಭವಿಲ್ಲದೆ ಸಂಶೋಧನೆ ಇಲ್ಲ! ನಾನು ಹೇಳಿದ್ದೂ ಅದನ್ನೇ ಅಲ್ಲವೇ? ಗಂಗಾವತಿಯಲ್ಲಿ ಸೋತ ನನ್ನ ಸಿದ್ಧಾಂತ ನನ್ನ ಮನೆಯಲ್ಲೇ ಗೆದ್ದಿತ್ತು. ಆ ವಿಜಯೋತ್ಸಾಹದಲ್ಲಿ ಬುಟ್ಟಿಯ ಸೇಬು ಹೆಚ್ಚಿ ಆಕೆಯ ಮುಂದಿಟ್ಟೆ. ಶಾಲು ಆಗಲೇ ಆಕೆಯ ಹೆಗಲೇರಿತ್ತು.