ಸಂಬಂಧ ತಿಳಿದು ಅಳಬೇಕು

ನನ್ನ ಓರಗಿತ್ತಿ ಇರುವ ಸೀಮೆಯಲ್ಲಿ ನೆಮ್ಮದಿಯಾಗಿ ಸಾಯುವುದಕ್ಕೂ ಆಗುವುದಿಲ್ಲ! ಸತ್ತವರ ಮಾತು ಬಿಡಿ, ಅಳಲು ಹೋದವರಿಗೂ ಬಿಡುಗಡೆಯಿಲ್ಲ. ತೀರಿಹೋದ ನನ್ನ ಮೈದುನನ ಹೆಂಡತಿ ಅವಳು. ಯಾರಿಗೆ ಯಾರು ಏನಾಗಬೇಕು, ಆ ನಂಟಿನ ಹೆಸರು ಎಲ್ಲಿಂದ ಬಂತು, ಇದೇ ಅವಳ ಹುಚ್ಚು. ನಾನು ಮೂರನೇ ಕ್ಲಾಸು, ಅವಳು ಅದೂ ಇಲ್ಲ. ಯಾರನ್ನು ಪೀಡಿಸಿ ಕಲಿತಳೋ!

ಹದಿನಾರು ಅನ್ನುವ ಊರಿನಲ್ಲಿ ಒಬ್ಬಳು ಹೆಣದ ಮುಂದೆ "ಅಯ್ಯೋ ನನ್ನತ್ತೆಮ್ಮಾ" ಎಂದು ಎದೆ ಬಡಿದುಕೊಳ್ಳುತ್ತಿದ್ದಳು. ಇವಳು ಹೋಗಿ ಕೈ ಹಿಡಿದು ನಿಲ್ಲಿಸಿದಳು.

"ಅತ್ತೆ ಎಂಗಾದಾಳು ಕಣಮ್ಮಿ? ನಿಮ್ಮವ್ವನ ದೊಡ್ಡಪ್ಪನ ಮಗಳಲ್ವಾ? ದೊಡ್ಡವ್ವ ಅಂತ ಅಳು!"

ಆ ಹೆಂಗಸು ಮೂಗು ಒರೆಸಿಕೊಂಡು ಮೊದಲಿಂದ ಶುರುಮಾಡಿದಳು.

ತಗಡೂರಿನಲ್ಲಿ ಸತ್ತವನ ದಾಯಾದಿಗಳು ಹೊರಳಾಡಿ ಅಳುತ್ತಿದ್ದರು. "ದಾಯ ಅಂದ್ರೆ ಪಾಲು ಕಣ್ರೋ, ಪಾಲಿಗೆ ಬಂದೋನೇ ದಾಯಾದಿ. ಮೊದ್ಲು ಎಣ ಎತ್ತಿ, ಆಮೇಲೆ ಒಲ ಅಳತೆ ಮಾಡ್ಸೀರಂತೆ!" ಎಂದಳು. ಆ ಮನೆಯ ಮದುವೆಗೆ ನಮಗೆ ಕರೆಯೇ ಬರಲಿಲ್ಲ.

ನನಗೂ ಪಾಠ ಹೇಳಿದ್ದಳು. "ಓರಗೆ ಅಂದ್ರೆ ಸರೀಕರು ಕಣಕ್ಕ. ಅದ್ಕೇ ನಾವಿಬ್ರೂ ಓರಗಿತ್ತೀರು, ಸರಿಸಮ." ಸಮ ಅಂದಮೇಲೆ ನನ್ನ ಮೇಲೆ ಯಾಕೆ ದರ್ಬಾರು ಮಾಡುತ್ತಿದ್ದಳು?

ಹೋದ ವರ್ಷ ಅವಳ ಒಬ್ಬನೇ ಮಗ ಸತ್ತ. ನರಸೀಪುರದ ರಸ್ತೆಯಲ್ಲಿ ಲಾರಿ ಹೊಡೆಯಿತು. ಮಾರನೆಯ ದಿನ ಹೆಣ ಮನೆಗೆ ಬಂತು. ಬಂದವರೆಲ್ಲ ಬಾಯಿಗೆ ಬಂದ ಹಾಗೆ ಅತ್ತರು. ಇವಳು ಅಳಲೂ ಇಲ್ಲ, ಯಾರನ್ನೂ ತಿದ್ದಲೂ ಇಲ್ಲ. ನನಗೆ ಭಯವಾಯಿತು.

ಅಷ್ಟರಲ್ಲಿ ಒಬ್ಬ ಹುಡುಗಿ ಬಂದು ಅಂಗಳದ ಆಚೆ ನಿಂತಳು. ಬೇರೆ ಜಾತಿ. ನರಸೀಪುರದಲ್ಲಿ ತಾಳಿಯಿಲ್ಲದೆ ಎರಡು ವರ್ಷ ಅವನ ಜೊತೆ ಇದ್ದವಳು. ಮುಖ ನೋಡಲು ಬಿಡುವುದಿಲ್ಲ ಎಂದು ನಮ್ಮ ಗಂಡಸರು ಅಡ್ಡ ನಿಂತರು.

"ನೀನೇನಾಗ್ಬೇಕಮ್ಮಿ ಅವನ್ಗೆ?" ಎಂದ ನನ್ನ ಗಂಡ.

ಸುಳ್ಳು ಯಾಕೆ, ಅವಳು ಒಳಗೆ ಬರುವುದು ನನಗೂ ಬೇಕಿರಲಿಲ್ಲ.

ಓರಗಿತ್ತಿ ಎದ್ದಳು. "ಅವಳ್ನೇನು ಕೇಳೀರಿ? ನನ್ನ ಕೇಳಿ. ಸೊಸೆ ಅವಳು. ದಾರಿ ಬಿಡಿ!"

ಗಂಡಸರು ಪಕ್ಕಕ್ಕೆ ಸರಿದರು. ಹುಡುಗಿಯನ್ನು ಕೈಹಿಡಿದು ತಂದು ಮಗನ ತಲೆಯ ಹತ್ತಿರ ಕೂರಿಸಿದಳು. ಸ್ವಲ್ಪ ಹೊತ್ತಾದ ಮೇಲೆ ಅವಳ ಕಿವಿಗೆ ಬಾಗಿದಳು. ಪಕ್ಕದಲ್ಲಿದ್ದ ನನಗಷ್ಟೇ ಕೇಳಿಸಿತು.

"ನಿನ್ನೆ ಉಂಡ್ಕಂಡು ಮನೆಯಿಂದ ಒಂಟಿದ್ನಾ, ಮಗ?"

"ಊಂ ಕಣತ್ತೆ. ಮುದ್ದೆ ಇನ್ನೊಂಚೂರು ಇಕ್ಕು ಅಂತ ಇಸ್ಕಂಡು ಉಂಡ್ರು."

ಆಗ ಅತ್ತಳು ನನ್ನ ಓರಗಿತ್ತಿ.