ಕಣ್ಣು ಮುಚ್ಚಿಕೊಂಡು ಹೇಳಿದ ಚಾಡಿ

ಎದುರಿಗೆ ನಿಂತು ಬೈದವರಿಗೆ ಉತ್ತರ ಕೊಡಬಹುದು. ಬೆನ್ನ ಹಿಂದೆ ಆಡಿಕೊಂಡವರನ್ನು ಹಿಡಿದು ನಿಲ್ಲಿಸಿ ಕೇಳಬಹುದು. ಆದರೆ ನಿಮ್ಮದೇ ಮನೆಯ ಚಾಪೆಯ ಮೇಲೆ ಕೂತು, ಕೈ ಜೋಡಿಸಿ, ಕಣ್ಣು ಮುಚ್ಚಿ, ನಿಮ್ಮ ಮೇಲೆ ನೇರವಾಗಿ ದೇವರಿಗೇ ಚಾಡಿ ಹೇಳುವವರನ್ನು ಏನು ಮಾಡುತ್ತೀರಿ? ನಡುವೆ ಬಾಯಿ ಹಾಕಿದರೆ ಪ್ರಾರ್ಥನೆ ಕೆಡಿಸಿದ ಪಾಪ; ಸುಮ್ಮನಿದ್ದರೆ ಹೇಳಿದ್ದೆಲ್ಲ ನಿಜವೆಂದು ಒಪ್ಪಿಕೊಂಡ ಹಾಗೆ. ಇದು ಅನ್ಯಾಯವಲ್ಲದೆ ಮತ್ತೇನು?

ತೊಂಬತ್ತರ ದಶಕ. ನಾನು ಕೊಳ್ಳೇಗಾಲದ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಚರ್ಚಿನಲ್ಲಿ ಜನ ಹೆಚ್ಚಿ ಒಬ್ಬರ ಕಷ್ಟ ಇನ್ನೊಬ್ಬರಿಗೆ ತಿಳಿಯದಂತಾಗಿದೆ, ಬೀದಿಗೊಂದು ಚಿಕ್ಕ ಪ್ರಾರ್ಥನಾ ಕೂಟ ಆಗಬೇಕು ಎಂದು ಪಾಸ್ಟರ್ ಹೇಳಿದರು. ನಮ್ಮ ಬೀದಿಗೆ ನಾನೇ ನಾಯಕ. ಕಚೇರಿಯಲ್ಲಿ ನನ್ನ ಮಾತನ್ನು ಜವಾನನೂ ಕೇಳುತ್ತಿರಲಿಲ್ಲವಾದ್ದರಿಂದ ನಾನು ಸ್ವಲ್ಪ ಉಬ್ಬಿದ್ದೂ ಉಂಟು. ಬುಧವಾರ ಸಂಜೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ನಡುಮನೆಯಲ್ಲಿ ಚಾಪೆ ಹಾಸಿ, ತಾಳ್ಮೆಯ ಕುರಿತು ಎಲ್ಲರೂ ಆಕಳಿಸುವವರೆಗೆ ಮಾತಾಡಿದೆ. ಕೊನೆಗೆ, "ಈಗ ಯಾರು ಬೇಕಾದರೂ ಪ್ರಾರ್ಥಿಸಬಹುದು" ಎಂದೆ. ಅಲ್ಲೇ ಕೆಟ್ಟೆ.

ಎದುರು ಮನೆಯ ಸುಂದರಮ್ಮ ತಲೆಯ ಮೇಲೆ ಸೆರಗೆಳೆದುಕೊಂಡು ಶುರುಮಾಡಿದರು. "ಅಪ್ಪಾ ತಂದೇ, ನಮ್ ಸಾಮುವೇಲಪ್ಪೋರು ನೆನ್ನೆ ಸಾರ್ಗೆ ಉಪ್ಪಿಲ್ಲ ಅಂತ ತಟ್ಟೆ ತಳ್ಬುಟ್ರಂತೆ. ಲೀಲಮ್ಮ ಎಷ್ಟ್ ಅತ್ಳೋ ನಿಂಗೇ ಗೊತ್ತು. ಅವ್ರ ಕ್ವಾಪ ಇಳ್ಸಪ್ಪಾ!"

ಎಲ್ಲರೂ "ಆಮೆನ್" ಎಂದರು. ನನ್ನ ಹೆಂಡತಿ ಲೀಲಾಳದು ಎಲ್ಲರಿಗಿಂತ ಜೋರು.

ನಾನು ಬಿಡುವವನೇ? ಮುಂದಿನ ಬುಧವಾರ ನಾನೂ ಕಣ್ಣು ಮುಚ್ಚಿದೆ. "ಸ್ವಾಮೀ, ತಟ್ಟೆ ತಳ್ಳಿದ್ದಲ್ಲ, ಸ್ವಲ್ಪ ಸರಿಸಿದ್ದು. ಕಂಡವರ ಮನೆ ವಿಷಯ ಆಡುವವರಿಗೆ ಬುದ್ಧಿ ಕೊಡು." ನಾನು ಉಸಿರೆಳೆದುಕೊಳ್ಳುವಷ್ಟರಲ್ಲಿ ಸುಂದರಮ್ಮ, "ಈಗ ಏಳಿದ್ ಸುಳ್ಳನ್ನೂ ಸೇರ್ಸಿ ಕ್ಷಮಿಸ್ಬುಡಪ್ಪಾ" ಎಂದರು. ಮತ್ತೆ ಆಮೆನ್!

ಪಾಸ್ಟರ್ ಬಳಿ ಹೋಗಿ ಕೂಗಾಡಿದೆ. ಅವರು ನಕ್ಕರು. "ಜನ ಮನಸ್ಸು ಬಿಚ್ಚಿ ಮಾತಾಡ್ತಿದ್ದಾರೆ ಅಂದ್ರೆ ಒಳ್ಳೇದೇ ಅಲ್ವಾ? ಕೂಟ ಬೆಳೀತಿದೆ. ಎರಡು ಮಾಡಿ. ಇನ್ನೊಂದನ್ನ ಸುಂದರಮ್ಮನವರು ನಡೆಸಲಿ." ಎರಡಾಯಿತು. ಬೀದಿಗೆ ಬೀದಿಯೇ ಸುಂದರಮ್ಮನ ಮನೆಗೆ ಹೋಯಿತು, ಲೀಲಾ ಕೂಡ. ನನಗೆ ಉಳಿದವರು ಕಿವಿ ಕೇಳದ ಏಸುದಾಸಪ್ಪ ಒಬ್ಬರೇ. ಅದೂ ನನ್ನ ಮೇಲಿನ ಅಭಿಮಾನದಿಂದಲ್ಲ; ಕೂಟ ಎರಡಾದದ್ದು ಅವರಿಗೆ ಕೇಳಿಸಿರಲಿಲ್ಲ.

ಅಷ್ಟರಲ್ಲಿ ನನ್ನನ್ನು ಗೋಪಿನಾಥಂಗೆ ವರ್ಗ ಮಾಡುತ್ತಾರೆಂಬ ಮಾತು ಎದ್ದಿತು. ಕಾಡಿನ ಊರು, ಬಸ್ಸು ಬಂದರೆ ಬಂತು. ಲೀಲಾಳಿಗೋ ಉಬ್ಬಸ, ಉಸಿರು ಕಟ್ಟಿದಾಗ ಆಸ್ಪತ್ರೆಗೆ ಓಡಬೇಕು. ಅಲ್ಲಿ ಎಲ್ಲಿಗೆ ಓಡುವುದು? ಹೊಟ್ಟೆಯಲ್ಲಿಟ್ಟುಕೊಳ್ಳಲಾರದೆ ಏಸುದಾಸಪ್ಪನವರ ಮುಂದೆ ತೋಡಿಕೊಂಡೆ. ಅವರು ನಗುನಗುತ್ತಾ, "ಬಾಳ ಸಂತೋಸ ಸಾ, ಸ್ತೋತ್ರ!" ಎಂದರು. ಮರುವಾರ ಅವರ ಕೈ ಹಿಡಿದುಕೊಂಡು ನಾನೂ ಬೀದಿ ದಾಟಿದೆ.

ಸುಂದರಮ್ಮ ಯಳಂದೂರಿನ ತಂಗಿಯ ಮೊಣಕಾಲನ್ನೂ ಹಸುವಿನ ಬಾತುಕೊಂಡ ಕೆಚ್ಚಲನ್ನೂ ದೇವರಿಗೆ ಒಪ್ಪಿಸಿದರು. ನನ್ನ ಹೆಸರೇ ಇಲ್ಲ! ಮೈಯೆಲ್ಲ ಉರಿಯಿತು. "ಏನಮ್ಮಾ, ಹಸು ನೆನಪಾಯ್ತು, ನಾನು ಆಗಲಿಲ್ವೋ?" ಎಂದೆ.

"ನೀವೇ ಪಾಸ್ಟರ್ ಅಯ್ಯೋರ್ತಾವ ಓಗಿ ದೂರು ಕೊಟ್ರಲ್ಲಾ ಸಾ?"

ಮಾನ ಬಿಟ್ಟು ವರ್ಗದ ವಿಷಯ ಹೇಳಿದೆ. ನನ್ನ ಮಾತು ಮುಗಿಯುವ ಮೊದಲೇ ಅವರ ಕಣ್ಣು ಮುಚ್ಚಿತ್ತು, ಕೆನ್ನೆ ಒದ್ದೆಯಾಗಿತ್ತು. "ಅಪ್ಪಾ, ನಮ್ ಲೀಲಮ್ಮನ ಉಸ್ರು ನಿನ್ ಕೈಲದೆ. ಇವ್ರನ್ನ ಅಲ್ಲಿಗ್ ಕಳುಸ್ಬ್ಯಾಡ. ಆ ಗೋಪಿನಾಥಂ ಜನ ತಾನೇ ನಿಂಗೇನ್ ಮಾಡವ್ರೆ, ಪಾಪ?"

ವರ್ಗದ ಆದೇಶ ಬರಲೇ ಇಲ್ಲ. ಪ್ರಾರ್ಥನೆ ಫಲಿಸಿತೆಂದು ಬೀದಿಯೆಲ್ಲ ಸ್ತೋತ್ರ ಹೇಳಿತು, ನಾನೂ ಹೇಳಿದೆ. ಆದರೆ ದೇವರ ಮನಸ್ಸು ಕರಗಿದ್ದು ಲೀಲಾಳ ಉಬ್ಬಸಕ್ಕೋ, ಗೋಪಿನಾಥಂ ಜನರ ಮೇಲಿನ ಕನಿಕರಕ್ಕೋ ಎಂದು ಕೇಳುವ ಧೈರ್ಯ ಮಾತ್ರ ನನಗೆ ಇವತ್ತಿಗೂ ಬಂದಿಲ್ಲ.